ನೀರಗಂಟಿಯನ್ನು ಬೈಯುವ ಮೊದಲು ನಿಮ್ಮ ಟ್ಯಾಂಕ್ ನೋಡಿ

ನೀರು ಬರಲಿಲ್ಲ ಅಂದ್ರೆ ಊರೆಲ್ಲ ಬೈಯೋದು ನೀರಗಂಟಿಯನ್ನು. ಪಂಚಾಯಿತಿ ಪೈಪ್ ಒಡೆದರೆ ಕೇಳಲೇಬೇಕು. ಮನೆಯೊಳಗಿನ ಸೋರಿಕೆಗೆ ಯಾರನ್ನು ಕೇಳೋಣ?

ಲೆಕ್ಕ ಹಾಕಿ. 10 ನಿಮಿಷಕ್ಕೆ 200 ಮಿಲಿ, ಅಂದರೆ ಒಂದು ಲೋಟ ಸೋರಿದರೆ ದಿನಕ್ಕೆ ಸುಮಾರು 29 ಲೀಟರ್. ಜಲಜೀವನ್ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ ಸಿಗಬೇಕಾದ್ದೇ 55 ಲೀಟರ್. ಅರ್ಧ ಪಾಲು ಮಣ್ಣುಪಾಲು!

ಪರೀಕ್ಷೆಗೆ ಖರ್ಚಿಲ್ಲ. ರಾತ್ರಿ ಟ್ಯಾಂಕಿಗೆ ನೀರು ಬರುವ ವಾಲ್ವ್, ಎಲ್ಲ ನಲ್ಲಿ ಬಂದ್ ಮಾಡಿ ಕೋಲಿನಿಂದ ಮಟ್ಟ ಅಳೆಯಿರಿ. ಬೆಳಗ್ಗೆ ಇಳಿದಿದ್ದರೆ ಸೋರಿಕೆ ಇದೆ. ಮರುರಾತ್ರಿ ಹೊರಹೋಗುವ ವಾಲ್ವನ್ನೂ ಮುಚ್ಚಿ. ಆಗಲೂ ಇಳಿದರೆ ಟ್ಯಾಂಕೇ ಸೋರುತ್ತಿದೆ. ಇಳಿಯದಿದ್ದರೆ ಪೈಪು, ಇಲ್ಲವೇ ನಲ್ಲಿ.

ಕೊನೆ ಬೀದಿಯವರ ಕೊಡ ಖಾಲಿ ಇರುವಾಗ "ಬರೀ ಹನಿ ತಾನೇ" ಅನ್ನಬೇಡಿ. ಮೊದಲು ಸೋರಿಕೆ ನಿಲ್ಲಿಸಿ. ಆಮೇಲೆ ಪಂಚಾಯಿತಿಗೆ ಹೋಗಿ, ಜೋರಾಗಿಯೇ ಕೇಳಿ.