ಕಾಲುದಾರಿಗೆ ಯಾರು ದಿಕ್ಕು?

ಮೊನ್ನೆ ಶುಕ್ರವಾರ ರಾತ್ರಿ ಊಟ ಮುಗಿಸಿ, ನಾಲ್ಕು ಹೆಜ್ಜೆ ಅಡ್ಡಾಡಿ ಬರೋಣವೆಂದು ಹೆಬ್ಬಗೋಡಿಯ ಹೆದ್ದಾರಿಯ ಕಡೆ ಹೋಗಿದ್ದೆ. ಮೆಟ್ರೋ ಕಂಬಗಳ ಕೆಳಗೆ ಹತ್ತು ಹನ್ನೆರಡು ಮಂದಿ ತರುಣ ತರುಣಿಯರು ಬೆನ್ನಿಗೆ ಚೀಲ ಬಿಗಿದುಕೊಂಡು ಬಸ್ಸಿಗೆ ಕಾಯುತ್ತಿದ್ದರು. ಅವರಲ್ಲಿ ನಮ್ಮ ಬೀದಿಯ ಹುಡುಗನೂ ಇದ್ದ.

“ಎಲ್ಲಿಗಪ್ಪ ಸವಾರಿ?”

“ಗೋಕರ್ಣಕ್ಕೆ, ಅಂಕಲ್.”

“ಸಂತೋಷ. ಮಹಾಬಲೇಶ್ವರನ ದರ್ಶನ ಮಾಡಿಕೊಂಡು ಬನ್ನಿ.”

“ದರ್ಶನಕ್ಕಲ್ಲ ಅಂಕಲ್, ಓಡೋದಕ್ಕೆ.”

ನನಗೆ ನಗು ಬಂತು. ಐನೂರು ಕಿಲೋಮೀಟರಿಗೆ ಸಮೀಪದ ದೂರ ಬಸ್ಸಿನಲ್ಲಿ ಕುಳಿತು ಹೋಗಿ, ಅಲ್ಲಿ ಹದಿನೈದು ಕಿಲೋಮೀಟರ್ ಓಡಿ, ಮತ್ತೆ ಅಷ್ಟೇ ದೂರ ಕುಳಿತು ಬರುವ ವ್ಯಾಯಾಮವನ್ನು ನಮ್ಮ ಹಿರಿಯರು ಕಂಡವರಲ್ಲ. ಆದರೆ ಮನೆಗೆ ಹಿಂದಿರುಗುವಷ್ಟರಲ್ಲಿ ನಗು ಇಳಿದಿತ್ತು. ಆ ಅರ್ಧ ಮೈಲಿಯೊಳಗೆ ನಾನು ಮೂರು ಸಲ ಲಾರಿಗಳ ನಡುವೆ ರಸ್ತೆಗಿಳಿಯಬೇಕಾಯಿತು. ಒಂದು ಕಡೆ ಬಾಯಿತೆರೆದ ಚರಂಡಿ, ಒಂದು ಕಡೆ ಜಲ್ಲಿಯ ರಾಶಿ, ಇನ್ನೊಂದು ಕಡೆ ಟ್ರಾನ್ಸ್‌ಫಾರ್ಮರಿನ ಬೇಲಿ. ಮುದುಕನಿಗೆ ನಡೆಯಲು ಎಡೆಯಿಲ್ಲದಲ್ಲಿ ಹುಡುಗ ಓಡುವುದೆಲ್ಲಿ? ಅವನು ಗೋಕರ್ಣಕ್ಕೆ ಹೋದದ್ದು ಷೋಕಿಗಾಗಿ ಎಂದುಕೊಂಡದ್ದು ನನ್ನ ತಪ್ಪು.

ನಮ್ಮ ಹೆಬ್ಬಗೋಡಿಗೆ ಹಿಂದೆ ದಾರಿಗಳಿರಲಿಲ್ಲವೆಂದಲ್ಲ. ಹಳೆಯ ಗ್ರಾಮನಕ್ಷೆಗಳನ್ನು ಕಂಡವರಿಗೆ ಗೊತ್ತು: ಅದರಲ್ಲಿ ಬಂಡಿದಾರಿ ಬೇರೆ, ಕಾಲುದಾರಿ ಬೇರೆ, ಎರಡಕ್ಕೂ ಪ್ರತ್ಯೇಕ ಗುರುತು. ಊರಿಂದ ಕೆರೆಗೆ, ಕೆರೆಯ ಏರಿಯ ಮೇಲಿಂದ ತೋಪಿಗೆ, ತೋಪಿನಿಂದ ಪಕ್ಕದೂರಿನ ಸಂತೆಗೆ ಜನ ತುಳಿದು ಮಾಡಿದ ದಾರಿಗಳು ಅವು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋಣಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನಲ್ಲಿ 332 ಎಕರೆ ಪಡೆದು ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಬೊಮ್ಮಸಂದ್ರ, ಜಿಗಣಿಗಳಲ್ಲಿ ಕಾರ್ಖಾನೆಗಳೆದ್ದವು. 2010ರಲ್ಲಿ ಮೇಲ್ಸೇತುವೆ ಬಂತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೋ ಬಂತು. ಬಂದುದೆಲ್ಲ ಬರಲಿ; ಆ ಕಾರ್ಖಾನೆಗಳ ಅನ್ನ ಉಂಡವನೇ ನಾನು. ಆದರೆ ಈ ಎಲ್ಲ ಬರುವಿಕೆಯ ನಡುವೆ ನಕ್ಷೆಯ ಆ ಸಣ್ಣ ಗೆರೆಗಳು ಎಲ್ಲಿಗೆ ಹೋದುವೆಂದು ಯಾರೂ ಕೇಳಲಿಲ್ಲ. ಅವು ಲೇಔಟಿನ ನಿವೇಶನವಾದುವು, ಕಾಂಪೌಂಡಾದುವು. ಕೆರೆಯನ್ನು ಒಂದು ಕಂಪನಿಯ ಪ್ರತಿಷ್ಠಾನ ಹಣ ಹಾಕಿ ಮತ್ತೆ ಕೆರೆಯಂತೆ ಮಾಡಿತು, ಅದು ಪುಣ್ಯದ ಕೆಲಸ. ಕೆರೆಯೇನೋ ಉಳಿಯಿತು, ಕೆರೆಗೆ ಹೋಗುವ ದಾರಿಗಳು ಉಳಿಯಲಿಲ್ಲ.

ಇಷ್ಟು ಪೀಠಿಕೆ ಏಕೆಂದರೆ, ಇಲ್ಲಿ ನಾವು ಕಳೆದುಕೊಂಡ ರೀತಿಯಲ್ಲಿಯೇ ಆ ಹುಡುಗ ಓಡಲು ಹೋದ ದಾರಿಯನ್ನೂ ನಾಡು ಕಳೆದುಕೊಳ್ಳುತ್ತಿದೆ ಎಂಬುದು ನನ್ನ ದೂರು.

ಆ ದಾರಿಯನ್ನು ನಾನೂ ಬಲ್ಲೆ, ಓಡಿಯಲ್ಲ, ನಡೆದು. ಗೋಕರ್ಣದ ಪೇಟೆ ದಾಟಿ ಗುಡ್ಡ ಹತ್ತಿದರೆ ಕುಡ್ಲೆ, ಅಲ್ಲಿಂದ ಮತ್ತೊಂದು ಗುಡ್ಡ ಹತ್ತಿಳಿದರೆ ಓಂ ತೀರ, ಅದರಾಚೆ ಮರಗಳ ನಡುವಿನ ಏರುತಗ್ಗಿನಲ್ಲಿ ಅರ್ಧಚಂದ್ರ, ಕೊನೆಗೆ ಪ್ಯಾರಡೈಸ್ ಎಂದು ಕರೆಯುವ ಸಣ್ಣ ಮರಳು. ಕೊನೆಯ ಎರಡಕ್ಕೆ ಮೋಟಾರು ಹೋಗುವುದಿಲ್ಲ; ಕಾಲುಂಟು, ಇಲ್ಲವೇ ದೋಣಿಯುಂಟು. ಕಾಲಡಿಯಲ್ಲಿ ಕೆಂಪು ಜಂಬಿಟ್ಟಿಗೆ, ಒಂದು ಕಡೆ ಕಾಡು, ಒಂದು ಕಡೆ ಕಡಲು. ಮರಳಿನ ಮೇಲೆ ಓಡುವವರಿಗೆ ಇಳಿತದ ಹೊತ್ತೇ ಹೊತ್ತು. ನೀರು ಸರಿದು ಹೋದ ಮೇಲಿನ ಒದ್ದೆ ಮರಳು ಸಗಣಿ ಸಾರಿಸಿದ ಅಂಗಳದಂತೆ ಗಟ್ಟಿಯಾಗಿರುತ್ತದೆ. ಉಬ್ಬರವಾದರೆ ಉಳಿಯುವುದು ಪಾದ ಹೂಳುವ ಸಡಿಲು ಮರಳು ಮಾತ್ರ. ಈ ಇಳಿತವೂ ದಿನಕ್ಕೆ ಮುಕ್ಕಾಲು ಗಂಟೆಗೂ ಮಿಕ್ಕಿ ತಡವಾಗುತ್ತ ಹೋಗುತ್ತದೆ. ಯಾವ ಪಾರ್ಕಿನ ಕಾವಲುಗಾರನೂ ಇಂಥ ವೇಳಾಪಟ್ಟಿ ಇಟ್ಟುಕೊಳ್ಳಲಾರ.

ಈ ದಾರಿಯನ್ನು ಮಾಡಿದವರು ಓಟಗಾರರಲ್ಲ. ಬುಟ್ಟಿಯಲ್ಲಿ ಮೀನು ಹೊತ್ತು ಊರೂರಿಗೆ ನಡೆದ ಹರಿಕಾಂತ ಹೆಂಗಸರು, ತರಕಾರಿ ಹೊತ್ತ ಹಾಲಕ್ಕಿ ಹೆಂಗಸರು, ರಂಪಣಿ ಬಲೆ ಎಳೆಯಲು ಸಾಲುಗಟ್ಟಿ ನಿಂತ ಗಂಡಸರು, ತೀರ್ಥಕ್ಕೆ ಬಂದ ಯಾತ್ರಿಕರು ಇದನ್ನು ಸವೆಸಿದವರು. ಸರ್ಕಾರ ಕಾಸು ಖರ್ಚು ಮಾಡಿಲ್ಲ. ಆದ್ದರಿಂದಲೇ, ಸರ್ಕಾರದ ಲೆಕ್ಕದಲ್ಲಿ ಅದು ಇಲ್ಲ!

ಕಾರವಾರದ ಮಾತೂ ಅಷ್ಟೆ. 1880ರ ದಶಕದ ಆರಂಭದಲ್ಲಿ ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ರವೀಂದ್ರನಾಥ ಠಾಕೂರರು, ಕಾಳಿ ನದಿಯಲ್ಲಿ ದೋಣಿಯೇರಿ ಹೋಗಿ, ರಾತ್ರಿ ಅಳಿವೆಯ ಬಳಿ ಇಳಿದು, ಮರಳಿನ ಮೇಲೆ ನಡೆದು ಮನೆ ಸೇರಿದ್ದನ್ನು ಮುಂದೆ ತಮ್ಮ ನೆನಪುಗಳಲ್ಲಿ ಬರೆದರು. ತೀರದುದ್ದಕ್ಕೂ ಇದ್ದ ಗಾಳಿಮರದ ಕಾಡನ್ನೂ ಅವರು ಮರೆಯಲಿಲ್ಲ. ಆನೇಕಲ್ ಸೀಮೆಯ ನಮಗೆ ಅದು ಸರ್ವೆ. ಬೆಂಗಳೂರಿನ ಎಷ್ಟು ಮನೆಗಳು ಸರ್ವೆ ಕಂಬದ ಸಾರುವೆಯ ಆಸರೆಯಲ್ಲಿ ಎದ್ದುವೋ! ಆ ಕಾಡು ಅನಾದಿಯದೆಂದು ಭ್ರಮಿಸಬೇಡಿ. ಭಾರತದಲ್ಲಿ ಈ ಮರವನ್ನು ಮೊದಲು ತಂದು ನೆಟ್ಟುದು ಕಾರವಾರದಲ್ಲಿ, 1868ರ ಸುಮಾರಿಗೆ. ಎಂದರೆ ಕವಿಗಳು ನಡೆದದ್ದು ಹದಿನೈದು ವರ್ಷದ ನೆಡುತೋಪಿನ ಅಂಚಿನಲ್ಲಿ. ಮನುಷ್ಯ ನೆಟ್ಟ ಮರವೂ ಮನುಷ್ಯ ತುಳಿದ ದಾರಿಯೂ ಸೇರಿ ಇಂಥ ತೀರವಾಗಬಲ್ಲುದಾದರೆ, ಅದನ್ನು ಕಾಯುವುದು ಮನುಷ್ಯನಿಗೆ ಅಸಾಧ್ಯವೇನಲ್ಲ.

ಈಗ ಏನಾಗುತ್ತಿದೆ ನೋಡಿ. ಮಾಜಾಳಿಯಿಂದ ತಲಪಾಡಿಯ ತನಕ ನಮಗಿರುವ ಕರಾವಳಿ ಸುಮಾರು 320 ಕಿಲೋಮೀಟರ್. ಕಾರವಾರದ ದಕ್ಷಿಣಕ್ಕೆ ಬಿಣಗಾ, ಅರ್ಗಾ ಕಡೆಯ ತೀರ ನೌಕಾನೆಲೆಗೆ ಹೋಯಿತು. 1986ರಲ್ಲಿ ಶಿಲಾನ್ಯಾಸವಾಗಿ 2005ರಲ್ಲಿ ಕದಂಬ ನೆಲೆ ಕಾರ್ಯಾರಂಭ ಮಾಡಿತು. ದೇಶದ ರಕ್ಷಣೆಯ ಮಾತು. ಮನೆಮಾರು ಬಿಟ್ಟೆದ್ದ ಕುಟುಂಬಗಳ ಮುಂದೆ ಓಟದ ದಾರಿಯ ಪ್ರಸ್ತಾಪ ಎತ್ತಲು ನನಗೆ ನಾಚಿಕೆಯಾಗುತ್ತದೆ. ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕೆ, ಒಂದು ಕಡೆ ಸಮುದ್ರ, ನಡುವೆ ಹೆದ್ದಾರಿ. ಕಡಲ್ಕೊರೆತ ತಡೆಯಲು ತಂದು ಸುರಿದ ಬಂಡೆಗಳು. ಅಂಕೋಲೆಯ ಕೇಣಿಯಲ್ಲಿ ಬಂದರು ಬೇಡವೆಂದು 2025ರಲ್ಲಿ ಮೀನುಗಾರರು ಬೀದಿಗಿಳಿದರು. ಹೊನ್ನಾವರದ ಕಾಸರಕೋಡಿನಲ್ಲಿಯೂ ಬಂದರಿನ ವಿರುದ್ಧ ವರ್ಷಗಟ್ಟಲೆ ಹೋರಾಟ ನಡೆದಿದೆ. ಕಡಲಾಮೆ ಮೊಟ್ಟೆಯಿಡುವ ಮರಳು ಅದು. ಇವೆಲ್ಲ ದೊಡ್ಡ ಸುದ್ದಿಗಳು, ಪತ್ರಿಕೆಯಲ್ಲಿ ಬರುತ್ತವೆ. ಪತ್ರಿಕೆಯಲ್ಲಿ ಬಾರದ್ದು ಬೇಲಿಯ ಸುದ್ದಿ. ಐದು ವರ್ಷದ ಹಿಂದೆ ನಾನು ನಿರಾಯಾಸವಾಗಿ ನಡೆದ ಗುಡ್ಡದ ದಾರಿಯೊಂದಕ್ಕೆ ಕಳೆದ ಸಲ ಹೋದಾಗ ತಂತಿ ಬಿಗಿದಿತ್ತು. ಊರಿನ ಹೆಸರು ಬೇಡ. “ಆ ಕಡೆಯಿಂದ ಸುತ್ತಿಕೊಂಡು ಹೋಗಿ ಸಾರ್” ಎಂದ ಕಾವಲಿನವ, ಬಹಳ ಮರ್ಯಾದೆಯಿಂದ. ಆ ಕಡೆ ಇದ್ದುದು ಡಾಂಬರು ರಸ್ತೆ.

ಕಾನೂನಿಲ್ಲವೇ ಎಂದು ಕೇಳುವಿರಿ. ಉಂಟು. 1991ರಿಂದಲೂ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ. ಎರಡು ಹೋಟೆಲು ಅಥವಾ ರೆಸಾರ್ಟುಗಳ ನಡುವೆ ಜನ ಕಡಲಿಗೆ ಹೋಗಲು ಕನಿಷ್ಠ 20 ಮೀಟರ್ ಅಗಲದ ಜಾಗ ಬಿಡಬೇಕೆಂಬ ವಿಧಿ ಅದರಲ್ಲಿದೆ. ಒಳ್ಳೆಯ ವಿಧಿಯೇ. ಆದರೆ ಅದನ್ನು ಬರೆದವರ ಕಣ್ಣಿಗೆ ಕಂಡದ್ದು ಕಾರಿನಿಂದಿಳಿದು ಕಡಲಿಗೆ ಅಡ್ಡಲಾಗಿ ಹೋಗಿ ಕಾಲು ತೋಯಿಸಿಕೊಂಡು ಬರುವ ಪ್ರವಾಸಿ. ಕಡಲಿನ ಉದ್ದಕ್ಕೆ, ಊರಿಂದೂರಿಗೆ ನಡೆಯುವ ಮನುಷ್ಯ ಕಾಣಲಿಲ್ಲ. ಮೀನಿನ ಬುಟ್ಟಿಯವಳೂ ಓಟದ ಹುಡುಗನೂ ಹೋಗುವುದು ಉದ್ದಕ್ಕೆ. ಆ ಉದ್ದದ ದಾರಿಗೆ ನಮ್ಮ ಕಾನೂನಿನಲ್ಲಿ ಹೆಸರೇ ಇಲ್ಲ. ಮೇಲಾಗಿ 2019ರ ಅಧಿಸೂಚನೆ ಬಂದು, ಜನಸಾಂದ್ರತೆ ಹೆಚ್ಚಿರುವ ಗ್ರಾಮಾಂತರ ಪ್ರದೇಶಗಳಲ್ಲಿ ಕಟ್ಟಡ ಕಟ್ಟಬಾರದ ಪಟ್ಟಿಯನ್ನು ಉಬ್ಬರದ ಗೆರೆಯಿಂದ 200 ಮೀಟರಿಗೆ ಬದಲಾಗಿ 50 ಮೀಟರಿಗೆ ಇಳಿಸಿತು. ದಾರಿಗಳಿದ್ದುದು ಆ 150 ಮೀಟರಿನಲ್ಲಿ.

ವಿಲಾಯತಿಯ ಉದಾಹರಣೆ ಕೊಟ್ಟರೆ ಕೆಲವರಿಗೆ ಮೈಯುರಿ. ಆದರೂ ಹೇಳುತ್ತೇನೆ. ಜಮೀನ್ದಾರಿಕೆಯ ಬೇಲಿಗೆ ಹೆಸರಾದ ಇಂಗ್ಲೆಂಡು 2009ರಲ್ಲಿ ಕಾಯಿದೆ ಮಾಡಿ, ತನ್ನ ಇಡೀ ತೀರವನ್ನು ಸುತ್ತುವ ಸುಮಾರು 4,300 ಕಿಲೋಮೀಟರಿನ ನಡಿಗೆಯ ದಾರಿಯನ್ನು ಗುರುತಿಸಲು ಹೊರಟಿತು. ಸಣ್ಣ ನಾಡು ವೇಲ್ಸ್ 2012ರಲ್ಲಿಯೇ ಸುಮಾರು 1,400 ಕಿಲೋಮೀಟರ್ ತೆರೆದಿಟ್ಟಿತು. ಹೆಚ್ಚಿನ ಕಡೆ ಅವರು ಮಾಡಿದ ಕೆಲಸ ಬಲು ಸರಳ: ಇದ್ದ ದಾರಿಯನ್ನು ನಕ್ಷೆಯಲ್ಲಿ ಬರೆದು, ಕೈಮರ ನೆಟ್ಟು, ಇದು ಎಲ್ಲರದು ಎಂದು ಸಾರಿದರು.

ನಮ್ಮವರಿಗೆ ಹೇಳಿ ನೋಡಿ. ತಕ್ಷಣ ಟೆಂಡರು! ನಡೆದಾಡಲು ಕಾಂಕ್ರೀಟಿನ ವೇದಿಕೆ, ಎರಡು ಬದಿಗೆ ಬಣ್ಣದ ದೀಪ, ನಡುನಡುವೆ ಸೆಲ್ಫಿಗೆಂದು ಸಿಮೆಂಟಿನ ಹೃದಯ, ಬಾಗಿಲು, ಟಿಕೇಟು. ಕಾಸರಕೋಡು, ಪಡುಬಿದ್ರಿಗಳಿಗೆ 2020ರಲ್ಲಿ ನೀಲಿ ಬಾವುಟದ ಮನ್ನಣೆ ಬಂದುದು ಸಂತೋಷವೇ. ಸ್ವಚ್ಛತೆಯನ್ನು ಯಾರು ಬೇಡವೆಂದಾರು? ಆದರೆ 320 ಕಿಲೋಮೀಟರನ್ನೂ ಶೃಂಗರಿಸುವ ಹುಮ್ಮಸ್ಸಿಗೆ ಮದ್ದಿಲ್ಲ. ರಾತ್ರಿ ದೀಪ ಹಾಕಿದರೆ ಮರಿಯಾಮೆ ಕಡಲಿನ ಬದಲು ದೀಪದ ಕಡೆ ತೆವಳಿ ಸಾಯುತ್ತದೆ; ಓಡುವವನಿಗೆ ಕಾಂಕ್ರೀಟು ಮೊಣಕಾಲಿನ ಶತ್ರು. ಹಾಗಿದ್ದ ಮೇಲೆ ಆ ಶೃಂಗಾರ ಯಾರಿಗಾಗಿ? ಇನ್ನು ಬಾಗಿಲಿಟ್ಟ ಮೇಲೆ ಫಲಕಗಳು ಬಂದೇ ಬರುತ್ತವೆ. ನಮ್ಮ ನಗರದ ಉದ್ಯಾನವೊಂದರಲ್ಲಿ ಓಡಬಾರದು, ಎಡಸುತ್ತಾಗಿ ನಡೆಯಬಾರದು ಎಂದು ಬರೆಸಿದ್ದ ಫಲಕ 2024ರಲ್ಲಿ ನಾಡಿಗೆಲ್ಲ ನಗೆಯಾಗಿತ್ತು. ಅಂಥದೊಂದು ಫಲಕ ಓಂ ತೀರದಲ್ಲಿ ನಿಂತರೆ ನಗಲು ನನಗೆ ಶಕ್ತಿಯಿರದು.

ಪ್ರತಿಪಕ್ಷದವರ ಒಂದು ಮಾತನ್ನು ಒಪ್ಪಬೇಕು. ಬೆಂಗಳೂರಿನ ಬಸ್ಸುಗಳು ಇಳಿಸಿದ ಮಂದಿ ನೀರಿನ ಸೀಸೆಗಳನ್ನೂ ಗದ್ದಲವನ್ನೂ ಗುಡ್ಡದಲ್ಲಿ ಬಿಟ್ಟು ಬರುತ್ತಾರೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಬಂಡೆಯ ಮೇಲೆ ಪಟ ತೆಗೆಸಿಕೊಳ್ಳಲು ಹೋಗಿ ಪ್ರಾಣ ಬಿಟ್ಟವರೂ ಉಂಟು. ಮಳೆಯ ನಾಲ್ಕು ತಿಂಗಳು ಎಚ್ಚರಿಕೆಯ ಹಗ್ಗ ಕಟ್ಟಲಿ, ಕಸ ಎಸೆದವರಿಗೆ ದಂಡ ಹಾಕಲಿ. ಆದರೆ ಪ್ರವಾಸಿಯ ತಪ್ಪಿಗೆ ಮೀನಿನ ಬುಟ್ಟಿಯವಳ ದಾರಿ ಮುಚ್ಚುವುದು ಯಾವ ನ್ಯಾಯ?

ಮೊನ್ನೆ ಸೋಮವಾರ ಆ ಹುಡುಗ ಕೆಲಸಕ್ಕೆ ಹೊರಟಾಗ ಸಿಕ್ಕಿದ. ಬೂಟಿನ ಅಡಿಯಲ್ಲಿ ಇನ್ನೂ ಕೆಂಪು ಮಣ್ಣಿತ್ತು. ಕೈಗಡಿಯಾರ ತೋರಿಸಿದ, ಅವನು ಓಡಿದ ದಾರಿಯೆಲ್ಲ ಅದರಲ್ಲಿ ಗೆರೆಯಾಗಿ ಮೂಡಿದೆ, ತಾರೀಖು, ಗಂಟೆ ಸಮೇತ. ಒಂದು ಕಡೆ ಗೆರೆ ಥಟ್ಟನೆ ತಿರುಗಿ ರಸ್ತೆಗೆ ಬಂದಿತ್ತು. ಏನಿದು ಎಂದೆ. “ಅಲ್ಲಿ ಬೇಲಿ ಹಾಕ್ಬಿಟ್ಟಿದ್ದಾರೆ ಅಂಕಲ್, ಹೋದ ವರ್ಷ ಇರಲಿಲ್ಲ” ಎಂದ.

ಹೋದ ವರ್ಷದ ಗೆರೆಯೂ ಇದೆಯೇ ಎಂದು ಕೇಳಿದೆ. ಇದೆಯಂತೆ. ಅವನ ಸ್ನೇಹಿತರಲ್ಲಿಯೂ ಇವೆಯಂತೆ, ನೂರಾರು. ನಮ್ಮ ಹೆಬ್ಬಗೋಡಿಯ ಕಾಲುದಾರಿಗಳು ಹೋದಾಗ ನಮ್ಮ ಕೈಯಲ್ಲಿ ಇಂಥ ಸಾಕ್ಷ್ಯವಿರಲಿಲ್ಲ; ಹಳೆಯ ನಕ್ಷೆ ತಾಲ್ಲೂಕು ಕಚೇರಿಯಲ್ಲಿತ್ತು, ನಾವು ಬೊಮ್ಮಸಂದ್ರದ ಪಾಳಿಯಲ್ಲಿದ್ದೆವು. ಆ ಎರಡು ಗೆರೆಗಳನ್ನು ಒಂದೇ ಹಾಳೆಯ ಮೇಲೆ ಅಚ್ಚು ಹಾಕಿಸಿ, ಬೇಲಿ ಎದ್ದ ಜಾಗಕ್ಕೆ ಗುರುತು ಹಾಕಿ, ಕಾರವಾರದ ಜಿಲ್ಲಾಧಿಕಾರಿಗಳಿಗೂ ರಾಜ್ಯದ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೂ ನಿಮ್ಮ ನಿಮ್ಮ ಹೆಸರಿನಲ್ಲಿ ಕಳುಹಿಸಿ ಎಂದೆ. ಮುಂದಿನ ಸಲ ಹೋದಾಗ ಆ ಊರಿನ ಹೆಂಗಸರನ್ನೂ ಕೇಳಿ ಬರೆದುಕೊಂಡು ಬಾ, ಅವರ ಕೈಯಲ್ಲಿ ಗಡಿಯಾರವಿಲ್ಲ ಎಂದೂ ಹೇಳಿದೆ.

“ಅರ್ಜಿ ಕನ್ನಡದಲ್ಲೇ ಬರೀಬೇಕಾ ಅಂಕಲ್?” ಎಂದ. ಬರೆದುಕೊಡುವುದು ನನ್ನ ಪಾಲಿಗೆ ಬಂತು. ಭಾನುವಾರ ಬೆಳಿಗ್ಗೆ ಕುಳಿತುಕೊಳ್ಳುವುದೆಂದು ಗೊತ್ತಾಗಿದೆ.