ಟೇಪ್ ಸುತ್ತಿದ್ದಕ್ಕೆ ಐನೂರಾ?

ವಾಹನ ಇಟ್ಟುಕೊಂಡಿರುವ ಅಕ್ಕ-ಅಣ್ಣಂದಿರೇ, ಗ್ಯಾರೇಜ್ ಮಾಲೀಕರೇ, ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿರುವ ತಂದೆ-ತಾಯಂದಿರೇ,

ಒಂದು ಶನಿವಾರ ಮಧ್ಯಾಹ್ನ ನಮ್ಮ ಗ್ಯಾರೇಜಿಗೆ ಒಂದು ಕಾರು ಬಂತು. ಎಂಜಿನ್ ಲೈಟು ಉರಿಯುತ್ತಿತ್ತು, ಗಾಡಿ ಆಗಾಗ ಮಿಸ್ ಹೊಡೆಯುತ್ತಿತ್ತು. ಸ್ಕ್ಯಾನರ್ ಹಾಕಿದರೆ ಒಂದು ಸೆನ್ಸರಿನ ಕೋಡ್ ಬಂತು. ಆ ಸೆನ್ಸರ್ ಬದಲಾಯಿಸಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ನಮ್ಮ ಮೇಸ್ತ್ರಿಗೆ ಯಾಕೋ ಅನುಮಾನ. ಬ್ಯಾಟರಿ ಇಳಿಸಿ, ಅದರ ಟ್ರೇ ಬಿಚ್ಚಿ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ವೈರಿಂಗ್ ಹಿಡಿದು ಹುಡುಕುತ್ತಾ ಹೋದ. ಒಂದೂವರೆ ಗಂಟೆಯ ಮೇಲೆ ಸಿಕ್ಕಿತು: ಇಲಿ ಕಡಿದ ಒಂದೇ ಒಂದು ವೈರು. ಸೋಲ್ಡರ್ ಹಾಕಿ, ಟೇಪ್ ಸುತ್ತಿದ. ಲೈಟು ಆರಿತು.

“ಐನೂರು ಕೊಡಿ ಸಾರ್.”

“ಟೇಪ್ ಸುತ್ತಿದ್ದಕ್ಕೆ ಐನೂರಾ?”

ಇನ್ನೂರು ಕೊಟ್ಟರು. ಕೆಟ್ಟವರೇನಲ್ಲ, ಎಲ್ಲರಿಗೂ ಟೀ ಕುಡಿಸಿಯೇ ಹೋದರು. ಅದೇ ಸೆನ್ಸರ್ ಬದಲಾಯಿಸಿ, ಹೊಸದರ ಡಬ್ಬಿಯನ್ನು ಅವರ ಕೈಗಿಟ್ಟು ನಾಲ್ಕು ಸಾವಿರದ ಬಿಲ್ ಕೊಟ್ಟಿದ್ದರೆ ಮಾತಿಲ್ಲದೆ ಕೊಡುತ್ತಿದ್ದರು. ಗಾಡಿ ಮಾತ್ರ ಸೋಮವಾರ ಮತ್ತೆ ಮಿಸ್ ಹೊಡೆಯುತ್ತಿತ್ತು.

ಈ ಕರಪತ್ರ ಹಂಚುತ್ತಿರುವುದು ಆ ಮುನ್ನೂರು ರೂಪಾಯಿಗಾಗಿ. ಗಾಡಿಯಲ್ಲಿ ಏನು ಕೆಟ್ಟಿದೆ ಎಂದು ಪತ್ತೆ ಹಚ್ಚುವುದು ಒಂದು ಕೆಲಸ, ಅದಕ್ಕೂ ಕೂಲಿ ಇದೆ ಎಂದು ಒಪ್ಪಿಕೊಳ್ಳಿ. ‘ಸುಮ್ಮನೆ ಒಂದು ಸಲ ನೋಡಿಬಿಡಪ್ಪಾ’ ಎನ್ನುವ ಮಾತು ನಮ್ಮ ಊರಿನಿಂದ ಹೋಗಬೇಕು.

ಚೆಕಿಂಗ್ ಪುಕ್ಕಟೆ, ಲೇಬರಿನಲ್ಲಿ ಚೌಕಾಸಿ. ಹೀಗಾದಾಗ ಗ್ಯಾರೇಜ್ ಬಾಡಿಗೆ, ಕರೆಂಟ್ ಬಿಲ್, ಹುಡುಗರ ಬಟವಾಡೆ ಎಲ್ಲಿಂದ ಬರಬೇಕು? ಸ್ಪೇರಿನಿಂದ. ಪಾರ್ಟಿನ ಮೇಲೆ ಸಿಗುವ ಮಾರ್ಜಿನ್ನಿನಿಂದ. ಆಗ ಮಾಲೀಕನ ಲೆಕ್ಕದಲ್ಲಿ ವೈರು ಹುಡುಕಿ ಕೊಡುವ ಮೇಸ್ತ್ರಿಗಿಂತ ದಿನಕ್ಕೆ ನಾಲ್ಕು ಪಾರ್ಟ್ ಬದಲಾಯಿಸುವವನೇ ಲಾಭದ ಮನುಷ್ಯ. ಪಕ್ಕದಲ್ಲಿ ವೇಸ್ಟ್ ಬಟ್ಟೆ ಹಿಡಿದು ನಿಂತ ಹೆಲ್ಪರ್ ಹುಡುಗ ಇದನ್ನು ಬೇಗ ಕಲಿಯುತ್ತಾನೆ. ನೀವು ಲೇಬರಿನಲ್ಲಿ ಉಳಿಸಿದ ಮುನ್ನೂರು ಮುಂದಿನ ಸರ್ವಿಸಿನಲ್ಲಿ ಬೇಡದ ಪಾರ್ಟಿನ ರೂಪದಲ್ಲಿ ವಾಪಸ್ ಹೋಗುತ್ತದೆ. ನಾವೇ ಒಳಗಿನವರು, ನಾವೇ ಹೇಳುತ್ತಿದ್ದೇವೆ.

ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಈ ಚೌಕಾಸಿ ನಡೆಯುವುದಿಲ್ಲ. ಅಲ್ಲಿ ಲೇಬರ್ ಅಚ್ಚಾಗಿ ಬರುತ್ತದೆ, ಅದರ ಮೇಲೆ ಶೇ 18 ಜಿಎಸ್‌ಟಿ. ಎಲ್ಲರೂ ಕಾರ್ಡ್ ಉಜ್ಜಿ ಬರುತ್ತಾರೆ. ಆ ಲೇಬರ್ ಕಾಲಮ್ಮಿನ ದುಡ್ಡಿನಲ್ಲಿ ಲಿಫ್ಟಿನ ಕೆಳಗೆ ನಿಂತ ಹುಡುಗನಿಗೆ ಎಷ್ಟು ಸೇರುತ್ತದೆ ಎಂದು ಮುಂದಿನ ಸಲ ಅವನನ್ನೇ ಕೇಳಿ ನೋಡಿ.

ಇತ್ತ ಕೆಲಸ ಹಳೆಯದಾಗಿ ಉಳಿದಿಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಸಣ್ಣ ಬೈಕಿನಲ್ಲೂ ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಸ್ಕ್ರೂ ಅರ್ಧ ಸುತ್ತು ತಿರುಗಿಸಿ, ಕಿವಿಯಿಂದಲೇ ಐಡ್ಲಿಂಗ್ ಹೊಂದಿಸುತ್ತಿದ್ದ ಮೇಸ್ತ್ರಿ ಈಗ ಸೆನ್ಸರಿನ ವೋಲ್ಟೇಜ್ ಓದಬೇಕು. ಡೀಸೆಲ್ ಗಾಡಿಯ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಕೂತಿದೆ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯಲ್ಲಿ ನೂರಾರು ವೋಲ್ಟ್, ಗ್ಲೌಸ್ ಇಲ್ಲದೆ ಕೈ ಹಾಕಿದರೆ ಜೀವವೇ ಹೋದೀತು. ಎಲೆಕ್ಟ್ರಿಕ್ ವಾಹನಗಳಿಗೆಂದು ದೇಶದಲ್ಲೇ ಮೊದಲು ನೀತಿ ತಂದ ರಾಜ್ಯ ನಮ್ಮದು, 2017ರಲ್ಲಿ. ಆ ಗಾಡಿಗಳನ್ನು ರಿಪೇರಿ ಮಾಡುವವರ ಸಂಬಳಕ್ಕೂ ಒಂದು ನೀತಿ ಬೇಡವೇ?

ಮಾಲೀಕರಿಗೆ ನಮ್ಮ ಕೋರಿಕೆ: ಚೆಕಿಂಗ್ ಚಾರ್ಜ್ ಇಷ್ಟು ಎಂದು ಬೋರ್ಡ್ ಬರೆಸಿ ಹಾಕಿ, ಅದರಲ್ಲಿ ಪತ್ತೆ ಹಚ್ಚಿದವನಿಗೆ ಪಾಲು ಕೊಡಿ. ಹೊತ್ತು ಮೀರಿ ದುಡಿಸಿದರೆ ಓಟಿ ದುಪ್ಪಟ್ಟು ಎನ್ನುವುದು ಕಾನೂನು, ನಿಮ್ಮ ಔದಾರ್ಯವಲ್ಲ. ಹೆಲ್ಪರ್ ಹುಡುಗನನ್ನು ಊಟ-ಕಾಫಿಯ ದುಡ್ಡಿಗೆ ಇಟ್ಟುಕೊಳ್ಳುವ ಬದಲು ಅಪ್ರೆಂಟಿಸ್ ಮಾಡಿಕೊಳ್ಳಿ. ನಾಲ್ಕು ಜನ ಕೆಲಸ ಮಾಡುವ ಗ್ಯಾರೇಜಿಗೂ ಅದಕ್ಕೆ ಅವಕಾಶವಿದೆ. ಸ್ಟೈಪೆಂಡಿನ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರದ ಯೋಜನೆಯೇ ಭರಿಸುತ್ತದೆ. ಹದಿನಾಲ್ಕು ತುಂಬದ ಮಗುವಿನ ಕೈಗೆ ಸ್ಪ್ಯಾನರ್ ಕೊಡುವುದಂತೂ ಅಪರಾಧ. ಆ ಬಗ್ಗೆ ಚರ್ಚೆಯೇ ಇಲ್ಲ.

ಹುಡುಗರು ಈ ಕೆಲಸ ಬಿಟ್ಟು ಡೆಲಿವರಿ ಬೈಕ್ ಹತ್ತುತ್ತಿದ್ದಾರೆ ಎಂದು ಮಾಲೀಕರು ಗೊಣಗುವುದನ್ನು ಕೇಳಿದ್ದೇವೆ. ಹತ್ತದೆ ಇನ್ನೇನು ಮಾಡುತ್ತಾರೆ? ಅಲ್ಲಿ ಮೊದಲ ವಾರವೇ ದುಡ್ಡು ಕಾಣುತ್ತದೆ. ಇಲ್ಲಿ ಮೂರು ವರ್ಷ ಗ್ರೀಸ್ ತಿಂದರೂ ಮುಂದಿನ ಮೆಟ್ಟಿಲು ಯಾವುದು ಎಂದು ಯಾರೂ ಹೇಳುವುದಿಲ್ಲ.

ಮೆಟ್ಟಿಲು ಇಲ್ಲವೆಂದಲ್ಲ. ತಂದೆ-ತಾಯಂದಿರು ಗಮನಿಸಬೇಕು: ಐಟಿಐಯಲ್ಲಿ ಮೋಟಾರ್ ವಾಹನ ಮೆಕ್ಯಾನಿಕ್ ಎರಡು ವರ್ಷದ ಕೋರ್ಸ್, ಪಾಸಾದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೇ ನೇರ ಪ್ರವೇಶ ಸಿಗುತ್ತದೆ. ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಹೊಸ ಯಂತ್ರಗಳನ್ನು ತಂದಿದ್ದಾರೆ. ಬಿಡದಿಯಲ್ಲಿ ಟೊಯೊಟಾ ಸಂಸ್ಥೆ 2007ರಿಂದ ಹಳ್ಳಿಯ ಬಡ ಮಕ್ಕಳನ್ನು ಹತ್ತನೇ ತರಗತಿಯ ನಂತರ ಸೇರಿಸಿಕೊಂಡು ಕೆಲಸ ಕಲಿಸುತ್ತಿದೆ. ಐಟಿಐ ಮೆಟ್ಟಿಲು ಹತ್ತದೆ ಗ್ಯಾರೇಜಿನಲ್ಲೇ ಕಲಿತ ನಮ್ಮಂಥವರಿಗೆ ಆರ್‌ಪಿಎಲ್ ಇದೆ. ಬಲ್ಲ ಕೆಲಸವನ್ನೇ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ. ಗೋಡೆಗೆ ತೂಗುಹಾಕಲು ಅಲ್ಲ, ಸಂಬಳದ ಮಾತು ಬಂದಾಗ ಮೇಜಿನ ಮೇಲೆ ಇಡಲು ಅದು ಬೇಕು.

ಇನ್ನು ಕೈ ಜಾಕಿನ ಕೆಳಗೆ ಸಿಕ್ಕಿದ ದಿನದ ಮಾತು. ಇಎಸ್‌ಐ ಹತ್ತು ಜನರಿರುವ ಕಡೆ, 21,000 ರೂಪಾಯಿ ಒಳಗಿನ ಸಂಬಳದವರಿಗೆ. ನಮ್ಮ ಬಹಳಷ್ಟು ಗ್ಯಾರೇಜುಗಳಲ್ಲಿ ಇರುವುದು ಮೂರೋ ನಾಲ್ಕೋ ಜನ. ಅದಕ್ಕೇ 2024ರಲ್ಲಿ ರಾಜ್ಯ ಸರ್ಕಾರ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯ್ದೆ ತಂದಿತು. ಡ್ರೈವರ್, ಕ್ಲೀನರುಗಳ ಜೊತೆ ಗ್ಯಾರೇಜ್ ಮತ್ತು ಪಂಕ್ಚರ್ ಅಂಗಡಿಯವರೂ ಅದರಲ್ಲಿ ಸೇರಿದ್ದಾರೆ. ಆ ಕಾಯ್ದೆಯ ನಿಧಿಗೆಂದು ಹೊಸ ಬೈಕಿನ ನೋಂದಣಿಗೆ 500, ಕಾರಿಗೆ 1,000 ರೂಪಾಯಿ ಸೆಸ್ ಇದೆ. ಅಂದರೆ 2025ರಿಂದ ಈಚೆಗೆ ಹೊಸ ಗಾಡಿ ಕೊಂಡವರೇ, ನಮ್ಮ ಹೆಸರಿನಲ್ಲಿ ನೀವು ಆಗಲೇ ದುಡ್ಡು ಕಟ್ಟಿದ್ದೀರಿ. ಅದಕ್ಕೆ ನಮಸ್ಕಾರ. ಮೆಕ್ಯಾನಿಕ್ ಅಣ್ಣಂದಿರೇ, ಆ ದುಡ್ಡು ತಾನಾಗಿ ಮನೆಗೆ ಬರುವುದಿಲ್ಲ. ಹೆಸರು ನೋಂದಾಯಿಸಿಕೊಳ್ಳಿ. ಆಧಾರ್ ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಗೆ ಒಂದು ದಿನ ಹೋಗಿ ಬನ್ನಿ. ರಜೆ ಕೊಡದ ಮಾಲೀಕನಿಗೆ ಈ ಕರಪತ್ರ ತೋರಿಸಿ.

ವಾಹನ ಮಾಲೀಕರಲ್ಲಿ ಕೊನೆಯ ವಿನಂತಿ. ಮುಂದಿನ ಸಲ ಗಾಡಿ ಬಿಡುವಾಗ ‘ಚೆಕಿಂಗ್ ಎಷ್ಟಪ್ಪಾ’ ಎಂದು ಮೊದಲೇ ಕೇಳಿ, ಕೊಡಿ, ರಸೀದಿ ಪಡೆಯಿರಿ. ತೆಗೆದ ಹಳೆಯ ಪಾರ್ಟನ್ನು ಕೇಳಿ ಪಡೆದುಕೊಳ್ಳಿ. ಅದು ನಿಮ್ಮದು.

ಓದಿ ಎಸೆಯಬೇಡಿ, ಪಕ್ಕದ ಮನೆಯವರಿಗೆ ಕೊಡಿ.

— ಗ್ಯಾರೇಜ್ ಕೆಲಸಗಾರರು