ತಲೆಸುತ್ತು: ಹಾಸಿಗೆಯಲ್ಲ, ನಡಿಗೆಯೇ ಮದ್ದು

ಕಿವಿಯೆಂದರೆ ಕೇಳುವ ಇಂದ್ರಿಯವೆಂದಷ್ಟೇ ಬಹುಜನರ ತಿಳಿವಳಿಕೆ. ದೇಹದ ಸಮತೋಲವನ್ನು ಕಾಯುವ ಹೊಣೆಯೂ ಅದರದೆಂಬುದು, ಆ ಕಾವಲು ತಪ್ಪಿದಾಗಲೇ ಅರಿವಿಗೆ ಬರುತ್ತದೆ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರೆವೃತ್ತಾಕಾರದ ನಾಳಗಳಿವೆ. ತಲೆ ಹೊರಳಿದೊಡನೆ ಆ ಸುದ್ದಿಯನ್ನು ಸಮತೋಲದ ನರವು ಮಿದುಳಿಗೆ ಮುಟ್ಟಿಸುತ್ತದೆ. ಈ ಅಂಗದ ಅಧ್ಯಯನಕ್ಕಾಗಿಯೇ ರಾಬರ್ಟ್ ಬಾರಾನಿ ಅವರಿಗೆ 1914ರ ನೊಬೆಲ್ ಪಾರಿತೋಷಕ ಸಂದಿತು.

ಒಂದು ಬದಿಯ ಈ ನರಕ್ಕೆ ಉರಿಯೂತವಾದರೆ ಎಡಬಲಗಳ ಸುದ್ದಿ ಒಂದಕ್ಕೊಂದು ಹೊಂದುವುದಿಲ್ಲ. ಇದಕ್ಕೆ ಬಹುಮಟ್ಟಿಗೆ ವೈರಾಣುವೇ ಕಾರಣವೆಂಬುದು ವೈದ್ಯರ ಅಭಿಮತ. ರೋಗಿಗೆ ಮನೆಯೇ ಗಿರ್ರನೆ ಸುತ್ತಿದಂತಾಗುತ್ತದೆ, ವಾಂತಿಯಾಗುತ್ತದೆ, ಕಣ್ಣುಗುಡ್ಡೆಗಳು ತಾವಾಗಿ ಅದುರುತ್ತವೆ. ಶ್ರವಣಶಕ್ತಿ ಮಾತ್ರ ಕುಂದದಿರುವುದರಿಂದ ಕಿವಿಯ ಮೇಲೆ ಯಾರಿಗೂ ಅನುಮಾನ ಬಾರದು. ಪಿತ್ತವೆಂದೋ ದೃಷ್ಟಿಯೆಂದೋ ದಿನಗಳು ಕಳೆಯುತ್ತವೆ.

ಈ ಕಾಲಹರಣ ಅಪಾಯಕರ. ಕಿರುಮಿದುಳಿನ ರಕ್ತಸಂಚಾರ ಕೆಟ್ಟಾಗಲೂ ಇಂಥದೇ ತಲೆಸುತ್ತು ಬರಬಹುದು. ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲು ಸೋತರೆ, ಆಸರೆಯಿಲ್ಲದೆ ನಿಲ್ಲಲಾಗದಿದ್ದರೆ, ಹಠಾತ್ತನೆ ಕಿವಿ ಕೇಳದಂತಾದರೆ, ಸಿರುಗುಪ್ಪ ಕುರುಗೋಡುಗಳ ಹಳ್ಳಿಗರು ಬೆಳಗಿನ ಬಸ್ಸಿಗೆ ಕಾಯಬಾರದು. 108ರ ವಾಹನವನ್ನು ಕರೆಯಬೇಕು. 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಬಳ್ಳಾರಿ ನಗರವು ಈ ಸೀಮೆಯ ರೋಗಿಗಳಿಗೆ ಆಸರೆಯಾಗಿದೆ.

ಅಂಥ ಕೇಡಿಲ್ಲವೆಂದು ವೈದ್ಯರು ನಿಶ್ಚಯಿಸಿದ ಮೇಲೆ ಎರಡನೆಯ ತಪ್ಪು ಆರಂಭವಾಗುತ್ತದೆ. ಮನೆಯವರು ಅಕ್ಕರೆಯಿಂದಲೇ ರೋಗಿಯನ್ನು ವಾರಗಟ್ಟಲೆ ಮಲಗಿಸುತ್ತಾರೆ. ತಲೆಸುತ್ತಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿಸುತ್ತಾರೆ. ಆ ಮಾತ್ರೆ ಮೊದಲ ಎರಡು ಮೂರು ದಿನಗಳಿಗೆ ತಕ್ಕುದು. ಮುಂದೆ ಮಿದುಳು ಹೊಸ ಸಮತೋಲವನ್ನು ಕಲಿಯಬೇಕು. ಚಲನೆಯಿಲ್ಲದೆ ಆ ಕಲಿಕೆಯಿಲ್ಲ. 1940ರ ದಶಕದಲ್ಲಿ ಇಂಗ್ಲೆಂಡಿನ ಕಾಥೋರ್ನ್ ಮತ್ತು ಕುಕ್ಸಿ ಎಂಬ ವೈದ್ಯರು ರೂಪಿಸಿದ ವ್ಯಾಯಾಮಗಳು ಇದನ್ನೇ ಸಾಧಿಸುತ್ತವೆ: ಮೊದಲು ಕಣ್ಣಿನ, ಬಳಿಕ ತಲೆಯ ಚಲನೆ, ಕುಳಿತೇಳುವುದು, ಕೊನೆಗೆ ನಡಿಗೆ. ಇವಕ್ಕೆ ಕಾಸಿನ ವೆಚ್ಚವಿಲ್ಲ. ಬೀಳದಂತೆ ಕೈಹಿಡಿಯುವ ಒಬ್ಬರಿದ್ದರೆ ಸಾಕು.

ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಗೇಣಗಲದ ಬದುವಿನ ಮೇಲೆ ನಡೆಯುವವರಿಗೆ ಸಮತೋಲವೆಂದರೆ ಅನ್ನ. ತಲೆಸುತ್ತು ಇರುವಷ್ಟು ದಿನ ಅವರು ಬಾವಿಕಟ್ಟೆ, ಏಣಿ, ವಾಹನಗಳಿಂದ ದೂರವಿರಬೇಕು, ನಿಜ. ಆದರೆ ಅವರನ್ನು ಕಾಯಕದಿಂದ ಶಾಶ್ವತವಾಗಿ ದೂರಮಾಡುವುದು ಕರುಣೆಯಲ್ಲ.

ಶ್ರೀಮಠದ ಶಾಲೆಗಳಿಗೆ ಇಲ್ಲೊಂದು ಕರ್ತವ್ಯವಿದೆ. ಅಧ್ಯಾಪಕರು ಕಿವಿಯ ಪಾಠದಲ್ಲಿ ಶ್ರವಣದೊಡನೆ ಸಮತೋಲವನ್ನೂ ಬೋಧಿಸಲಿ. ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಹಳ್ಳಿಗೆ ಬಂದು ಈ ವ್ಯಾಯಾಮಗಳನ್ನು ಕಲಿಸಲಿ. ದಾನಿಗಳು ಅದಕ್ಕೆ ನೆರವಾಗಲಿ. ಅನ್ನ, ಅಕ್ಷರಗಳ ದಾಸೋಹದ ಜೊತೆಗೆ ಅರಿವಿನ ದಾಸೋಹವೂ ನಡೆದರೆ, ಬಿದ್ದವರು ಎದ್ದು ನಡೆದಾರು.